"ಒಂದೇ ನಿಮಿಷ ಸರ್" ಎನ್ನುವ ಫೋನಿಗೆ ದುಡ್ಡು ಕೇಳುವುದು ಹೇಗೆ? ಸ್ವಂತವಾಗಿ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕೆಲಸ ಮಾಡುವವರು ದಯವಿಟ್ಟು ಹೇಳಿ

ಮಂಡಿಪೇಟೆ_ಲೆಕ್ಕ (ತುಮಕೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೇಸರ ಮಾಡಿಕೊಳ್ಳದೆ ಓದಿ.

ನಾನು ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. ಟ್ಯಾಲಿ ಇಆರ್‌ಪಿ 9 ಕಾಲದಿಂದ ಅದರ ಮುಂದೆಯೇ ಕೂತವನು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅಲ್ಲಿನ ಐಟಂ ಪಟ್ಟಿ ಪೂರ್ತಿ ಹೊಸದಾಗಿ ಕಟ್ಟಿದ್ದು ನಾನೇ. ಅಕ್ಕಪಕ್ಕದ ಯೂನಿಟ್‌ನವರು ಸಂಜೆ ಬಂದು ಕೇಳುತ್ತಿದ್ದರು, ಹೇಳಿಕೊಡುತ್ತಿದ್ದೆ. ಹಾಗೇ ಧೈರ್ಯ ಬಂತು. ಹೋದ ವರ್ಷ ಮಾರ್ಚ್ ಕೆಲಸ ಎಲ್ಲ ಮುಗಿಸಿಕೊಟ್ಟು ನೌಕರಿ ಬಿಟ್ಟೆ. ಈಗ ಸ್ವಂತ. ಯಾವ ಕಂಪನಿಯ ಪಾರ್ಟ್‌ನರ್ ಅಲ್ಲ, ಲೈಸೆನ್ಸ್ ಮಾರುವುದಿಲ್ಲ. ಹೊಸದಾಗಿ ಸೆಟಪ್ ಮಾಡಿಕೊಡುವುದು, ಕೆಟ್ಟ ಲೆಕ್ಕ ಸರಿ ಮಾಡುವುದು, ಅಂಗಡಿ ಹುಡುಗರಿಗೆ ಕಲಿಸುವುದು, ಆಡಿಟರ್ ಕೈಗೆ ಹೋಗುವ ಮುಂಚೆ ಲೆಕ್ಕ ಒಮ್ಮೆ ತಾಳೆ ನೋಡುವುದು, ಇಷ್ಟೇ ನನ್ನ ಕೆಲಸ.

ಈಗ 14 ಕಡೆ ಕೆಲಸ ಇದೆ. ಮಂಡಿಪೇಟೆಯಲ್ಲಿ ಎರಡು ಹೋಲ್‌ಸೇಲ್ ಅಂಗಡಿ, ಗುಬ್ಬಿಯಲ್ಲಿ ಅಡಿಕೆ ವ್ಯಾಪಾರಿ ಒಬ್ಬರು, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ, ವಸಂತನರಸಾಪುರದಲ್ಲಿ ಒಂದು ಪ್ರೈವೇಟ್ ಲಿಮಿಟೆಡ್, ಹೀಗೆ. ಕೆಲಸ ಕಡಿಮೆ ಇಲ್ಲ. ದುಡ್ಡು ಬರುವುದು ಮಾತ್ರ ಹೋಗಿ ಕೂತು ಮಾಡಿದ ಕೆಲಸಕ್ಕೆ. ಫೋನ್‌ನಲ್ಲಿ ಮಾಡಿದ್ದಕ್ಕೆ ಒಂದು ರೂಪಾಯಿ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಹೋದ ತಿಂಗಳು ಒಂದು ದಿನ ರಾತ್ರಿ ಒಂಬತ್ತೂವರೆ, ಊಟಕ್ಕೆ ಕೂತಿದ್ದೆ. ಕೊಬ್ಬರಿ ವ್ಯಾಪಾರಿಯ ಗುಮಾಸ್ತನ ಫೋನ್. "ಸರ್ ಒಂದೇ ನಿಮಿಷ, ಲಾರಿ ಲೋಡ್ ಆಗಿ ನಿಂತಿದೆ, ಇ-ಇನ್‌ವಾಯ್ಸ್ ಎರರ್ ಅಂತಿದೆ, ಡ್ರೈವರ್ ಕೂಗಾಡ್ತಿದ್ದಾನೆ." ತಟ್ಟೆ ಪಕ್ಕಕ್ಕಿಟ್ಟು, ಮನೆಯಿಂದಲೇ ಅವರ ಕಂಪ್ಯೂಟರ್ ತೆರೆಯಲು ಎನಿಡೆಸ್ಕ್ ಹಾಕಿ ನೋಡಿದೆ. ಬಿಲ್ಲು ದೆಹಲಿ ಪಾರ್ಟಿಯ ಹೆಸರಿಗೆ, ಆದರೆ ಮಾಲು ಇಳಿಯುವುದು ಗಾಜಿಯಾಬಾದ್‌ನಲ್ಲಿ. ಹುಡುಗ ಇಳಿಯುವ ಜಾಗದ ಪಿನ್ ಕೋಡ್ ಸರಿಯಾಗೇ ಹಾಕಿದ್ದ, 201ರಿಂದ ಶುರುವಾಗುವುದು. ಆದರೆ ರಾಜ್ಯ ಮಾತ್ರ ದೆಹಲಿ ಅಂತಲೇ ಉಳಿದಿತ್ತು. ದೆಹಲಿ ಪಿನ್ 110ರಿಂದ ಶುರುವಾಗುತ್ತದೆ. ಪಿನ್ನಿಗೂ ರಾಜ್ಯಕ್ಕೂ ತಾಳೆ ಇಲ್ಲದೆ ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲ್ ಬಿಲ್ಲನ್ನು ವಾಪಸ್ ತಳ್ಳುತ್ತಿತ್ತು. ರಾಜ್ಯವನ್ನು ಉತ್ತರ ಪ್ರದೇಶ ಮಾಡಿದೆ, ಐಆರ್‌ಎನ್ (ಪೋರ್ಟಲ್ ಬಿಲ್ಲಿಗೆ ಕೊಡುವ ನಂಬರ್) ಬಂತು, ಹಿಂದೆಯೇ ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಬಂತು, ಲಾರಿ ಹೊರಟಿತು. ಬೆಳಗ್ಗೆವರೆಗೂ ಲಾರಿ ನಿಂತಿದ್ದರೆ ಎಷ್ಟು ಹಾಲ್ಟಿಂಗ್ ಕೊಡಬೇಕಿತ್ತು ಅಂತ ಅವರಿಗೇ ಚೆನ್ನಾಗಿ ಗೊತ್ತು.

ತಿಂಗಳ ಬಿಲ್ಲಿನಲ್ಲಿ ಇದಕ್ಕೆ ಅಂತ 500 ರೂಪಾಯಿ ಸೇರಿಸಿದೆ. ಯಜಮಾನರು ಫೋನ್ ಮಾಡಿ, "ಒಂದು ರಾಜ್ಯದ ಹೆಸರು ತಾನೇ ಬದಲಾಯಿಸಿದ್ದು, ಅದಕ್ಕೂ ದುಡ್ಡಾ?" ಅಂದರು. ಸಿಟ್ಟಿನಿಂದ ಅಲ್ಲ, ನಿಜವಾಗಲೂ ಆಶ್ಚರ್ಯದಿಂದ ಕೇಳಿದರು. ನನಗೆ ಉತ್ತರ ಬರಲಿಲ್ಲ. 500 ತೆಗೆದು ಬಿಲ್ಲು ಮತ್ತೆ ಕಳಿಸಿದೆ.

ನನ್ನ ಹೆಂಡತಿ ಕ್ಯಾಲೆಂಡರ್‌ನಲ್ಲಿ ಒಂದು ತಿಂಗಳು ಗೀಟು ಹಾಕುತ್ತಾ ಬಂದಳು, ಒಂದು ಫೋನಿಗೆ ಒಂದು ಗೀಟು. 212 ಆಯಿತು. ಅದನ್ನು ನೋಡಿದ ಮೇಲೆ ಇಲ್ಲಿ ಕೇಳಬೇಕು ಅನ್ನಿಸಿತು. ಫೋನಿಗೆ ಇಷ್ಟು ಅಂತ ಕೇಳುವುದಾ, ವರ್ಷಕ್ಕೆ ಒಂದೇ ಸಲ ಮಾತಾಡಿಕೊಳ್ಳುವುದಾ? ಈಗಾಗಲೇ ಫ್ರೀಯಾಗಿ ಮಾಡಿಸಿಕೊಂಡು ಅಭ್ಯಾಸ ಆದವರ ಹತ್ತಿರ ಮಾತು ಎಲ್ಲಿಂದ ಶುರು ಮಾಡಲಿ? ಅದರಲ್ಲಿ ಒಂದು ಅಂಗಡಿ ನಮ್ಮ ಸೋದರಮಾವನದು, ಅದು ಬೇರೆ ಕಷ್ಟ.

ಕ್ರೇಟ್_ಲೆಕ್ಕ (ಕೋಲಾರ)

ಅಣ್ಣ, ಮೊದಲು ಒಂದು ಮಾತು. ಫೋನಿಗೆ ಇಷ್ಟು ಅಂತ ರೇಟ್ ಇಡಬೇಡಿ. ನಾನು ಇಟ್ಟು ನೋಡಿದ್ದೇನೆ, ಒಂದು ಕರೆಗೆ 100 ರೂಪಾಯಿ. ಫೋನ್ ಕಡಿಮೆ ಆಯಿತು, ನಿಜ. ಆದರೆ ತಪ್ಪು ಕಡಿಮೆ ಆಗಲಿಲ್ಲ. ಗುಮಾಸ್ತ ಹುಡುಗನಿಗೆ ಭಯ, ಫೋನ್ ಮಾಡಿದರೆ ಯಜಮಾನರ ಜೇಬಿಂದ ನೂರು ಹೋಗುತ್ತದೆ, ಬೈಸಿಕೊಳ್ಳಬೇಕು ಅಂತ. ಅವನು ಗೊತ್ತಾಗದ ಎಂಟ್ರಿಯನ್ನೆಲ್ಲ ಸಸ್ಪೆನ್ಸ್ ಖಾತೆಗೆ ತಳ್ಳಿ ಸುಮ್ನಾದ. ಮಾರ್ಚ್‌ನಲ್ಲಿ ನಾನು ಹೋಗಿ ತೆಗೆದು ನೋಡಿದರೆ ಸಸ್ಪೆನ್ಸ್‌ನಲ್ಲಿ ಹನ್ನೊಂದು ತಿಂಗಳ ಕಸ. ಅದನ್ನು ಬಿಡಿಸುವುದಕ್ಕೆ ಆರು ದಿನ ಹಿಡಿಯಿತು. ಹುಡುಗ ಫೋನ್ ಮಾಡುವುದು ನಮಗೆ ಒಳ್ಳೆಯದು ಅಣ್ಣ, ಅವನು ಫೋನ್ ಮಾಡುವುದನ್ನು ನಿಲ್ಲಿಸಿದ ದಿನ ನಾವು ಹೆದರಬೇಕು.

ಅದಕ್ಕೇ ವರ್ಷದ ಒಪ್ಪಂದ ಮಾಡಿಕೊಳ್ಳಿ. ನನ್ನದು ಜಾಸ್ತಿ ಟೊಮೆಟೊ ಮಂಡಿಗಳು. ಇಲ್ಲಿ ತರಕಾರಿಗೆ ಜಿಎಸ್‌ಟಿ ಇಲ್ಲ, ಅದನ್ನು ಮಾರಿಕೊಡುವ ದಲ್ಲಾಳಿ ಕಮಿಷನ್ನಿಗೂ ಇಲ್ಲ, ಹಾಗಾಗಿ ರಿಟರ್ನ್ಸ್ ತಲೆನೋವು ಕಡಿಮೆ. ಆದರೆ ಲೆಕ್ಕದ ರಾಶಿ ಹೇಳತೀರದು. ಸೀಸನ್ನಿನಲ್ಲಿ ಒಂದೇ ಮಂಡಿಗೆ ಒಂದು ಬೆಳಗ್ಗೆ ನೂರಾರು ರೈತರ ಮಾಲು ಬರುತ್ತದೆ, ಪ್ರತಿಯೊಬ್ಬರಿಗೂ ಪಟ್ಟಿ ಕೊಡಬೇಕು, ಮುಂಗಡ ಹಿಡಿಯಬೇಕು, ಹಮಾಲಿ ಹಿಡಿಯಬೇಕು, ಬಾಡಿಗೆ ಹಿಡಿಯಬೇಕು. ಆ ಹೊತ್ತಿನಲ್ಲಿ ಯಾರ ಹತ್ತಿರವೂ ದುಡ್ಡಿನ ಮಾತು ಆಡಲು ಆಗುವುದಿಲ್ಲ. ನಾನು ಏಪ್ರಿಲ್‌ನಲ್ಲೇ ಹೋಗಿ ಕೂರುತ್ತೇನೆ. ಅರ್ಧ ಆಗ, ಇನ್ನರ್ಧ ಅಕ್ಟೋಬರ್‌ನಲ್ಲಿ. ದೊಡ್ಡ ಮಂಡಿಗೆ 18,000, ಚಿಕ್ಕದಕ್ಕೆ 9,000. ಸೀಸನ್ನಿನಲ್ಲಿ ಬೆಳಗ್ಗೆ ಐದಕ್ಕೂ ಫೋನ್ ತೆಗೆಯುತ್ತೇನೆ, ಅದು ಒಪ್ಪಂದದ ಒಳಗೇ ಇದೆ. ಬೇರೆ ತಿಂಗಳು ಹತ್ತರಿಂದ ಆರು.

ಮಾತು ಎಲ್ಲಿಂದ ಶುರು ಮಾಡುವುದು ಅಂದಿರಲ್ಲ. ನಿಮ್ಮ ಮನೆಯವರು ಹಾಕಿದ ಗೀಟುಗಳಿಂದಲೇ ಶುರು ಮಾಡಿ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ತಾರೀಖು, ಯಾರು ಮಾಡಿದರು, ಏನು ತೊಂದರೆ, ಏನು ಮಾಡಿದೆ, ಒಂದೊಂದು ಸಾಲು. ಮೂರು ತಿಂಗಳದ್ದು ಬರೆದು ಒಬ್ಬ ಯಜಮಾನರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಕೇಳಿದ್ದು, "ಇಷ್ಟೆಲ್ಲ ನಮ್ಮ ಹುಡುಗ ನಿಮಗೆ ಫೋನ್ ಮಾಡ್ತಾನಾ?" ಅಷ್ಟೇ. ಅವರಿಗೆ ಗೊತ್ತೇ ಇರಲಿಲ್ಲ. ಫೋನ್ ಮಾಡುವವನು ಒಬ್ಬ, ದುಡ್ಡು ಕೊಡುವವನು ಇನ್ನೊಬ್ಬ. ನಿಮ್ಮ ತಿಪಟೂರು ಯಜಮಾನರು ಆಶ್ಚರ್ಯಪಟ್ಟರು ಅಂದಿರಲ್ಲ, ಅದಕ್ಕೆ ಕಾರಣವೂ ಇದೇ ಇರಬೇಕು. ಅವರು ನೋಡಿದ್ದು ಒಂದು ರಾಜ್ಯದ ಹೆಸರು ಮಾತ್ರ, ಉಳಿದ ಫೋನ್‌ಗಳು ಅವರಿಗೆ ಕಂಡೇ ಇಲ್ಲ.

ಇನ್ನೊಂದು. ಅವರು ಕೇಳದೆ ಇರುವ ಒಂದು ಉಪಯೋಗ ಮಾಡಿಕೊಡಿ. ನನ್ನ ಒಂದು ಮಂಡಿಯಲ್ಲಿ ಪ್ಲಾಸ್ಟಿಕ್ ಕ್ರೇಟ್ ಕಳೆದುಹೋಗುತ್ತಲೇ ಇದ್ದವು. ಖಾಲಿ ಕ್ರೇಟ್ ರೈತರು ತೆಗೆದುಕೊಂಡು ಹೋಗುತ್ತಾರೆ, ವಾಪಸ್ ಬರುವಾಗ ಲೆಕ್ಕ ಇಲ್ಲ. ಒಂದು ಡೈರಿಯಲ್ಲಿ ಬರೆಯುತ್ತಿದ್ದರು, ಮಳೆ ಬಂದರೆ ಅಕ್ಷರ ಕಾಣುತ್ತಿರಲಿಲ್ಲ. ನಾನು ಕ್ರೇಟ್ ಅನ್ನೋದನ್ನೇ ಒಂದು ಸ್ಟಾಕ್ ಐಟಂ ಮಾಡಿದೆ, ಪ್ರತಿ ಊರನ್ನೂ ಒಂದು ಗೋಡೌನ್ ಮಾಡಿದೆ. ಹೋದ ಕ್ರೇಟ್ ಸ್ಟಾಕ್ ಜರ್ನಲ್‌ನಲ್ಲಿ ಮಂಡಿಯಿಂದ ಊರಿಗೆ, ಬಂದಿದ್ದು ಊರಿಂದ ಮಂಡಿಗೆ. ಸಂಜೆ ಗೋಡೌನ್ ಸಮ್ಮರಿ ತೆಗೆದರೆ ಯಾವ ಊರಲ್ಲಿ ಎಷ್ಟು ನಿಂತಿದೆ ಅಂತ ಒಂದೇ ಪರದೆಯಲ್ಲಿ. ಹೊಸ ಸಾಫ್ಟ್‌ವೇರ್ ಬೇಕಾಗಲಿಲ್ಲ, ಇದ್ದದ್ದರಲ್ಲೇ ಆಯಿತು. ಮುಂದಿನ ಏಪ್ರಿಲ್‌ನಲ್ಲಿ ಆ ಯಜಮಾನರು ನಾನು ಹೋಗುವ ಮುಂಚೆಯೇ ಚೆಕ್ ಬರೆದಿಟ್ಟಿದ್ದರು.

ಜಮಾ_ಖರ್ಚು (ಚಿಂತಾಮಣಿ)

ಕೋಲಾರದ ಅಣ್ಣ ಹೇಳಿದ್ದು ಮುಕ್ಕಾಲು ಪಾಲು ಸರಿ. ಆದರೆ ಆ 212 ಫೋನನ್ನು ಒಂದು ರೇಟಿಗೆ ಕಟ್ಟಿಬಿಟ್ಟರೆ ಕೆಲಸ ಮುಗಿಯಲಿಲ್ಲ. 212 ಯಾಕೆ ಬರುತ್ತಿದೆ ಅಂತ ಮೊದಲು ನೋಡಬೇಕು. ನಾನು ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ. ನನ್ನ ಅನುಭವ ಏನಂದರೆ, ಒಂದೇ ಪ್ರಶ್ನೆ ಒಂದೇ ಅಂಗಡಿಯಿಂದ ಮೂರನೇ ಸಲ ಬಂತು ಅಂದರೆ ಹುಡುಗನನ್ನು ದೂರಬಾರದು, ನಾವು ಮಾಡಿದ ಸೆಟಪ್ಪನ್ನು ತೆಗೆದು ನೋಡಬೇಕು.

2025ರ ಸೆಪ್ಟೆಂಬರ್ 22 ನೆನಪಿದೆ ಅಲ್ವಾ ಎಲ್ಲರಿಗೂ? ಜಿಎಸ್‌ಟಿ ದರ ಬದಲಾದ ದಿನ. ಸಿಮೆಂಟ್ 28ರಿಂದ 18, ತುಪ್ಪ ಬೆಣ್ಣೆ 12ರಿಂದ 5, ಸೋಪು ತಲೆಗೆ ಹಚ್ಚುವ ಎಣ್ಣೆ 18ರಿಂದ 5. ಅವತ್ತು ಸೋಮವಾರ. ಬೆಳಗ್ಗೆ ಏಳರಿಂದ ನನ್ನ ಫೋನ್ ಸುಮ್ಮನಾಗಲಿಲ್ಲ. ಸಂಜೆ ಹೊತ್ತಿಗೆ ನನಗೆ ಒಂದು ಗೊತ್ತಾಯಿತು. ಫೋನ್ ಬಂದಿದ್ದೆಲ್ಲ ಒಂದೇ ಜಾತಿಯ ಅಂಗಡಿಗಳಿಂದ, ಎಲ್ಲಿ ನಾನು ವರ್ಷಗಳ ಹಿಂದೆ ಅವಸರದಲ್ಲಿ ಒಂದೊಂದು ಐಟಂಗೂ ಬೇರೆ ಬೇರೆಯಾಗಿ ದರ ಹಾಕಿದ್ದೆನೋ ಅಲ್ಲಿಂದ. ಎಲ್ಲಿ ಒಂದೇ ಬಗೆಯ ಐಟಂಗಳನ್ನು ಸೇರಿಸಿ ಸ್ಟಾಕ್ ಗ್ರೂಪ್ ಮಟ್ಟದಲ್ಲಿ ದರ ಹಾಕಿದ್ದೆನೋ ಅಲ್ಲಿ ಹಿಂದಿನ ಭಾನುವಾರವೇ ಹತ್ತು ನಿಮಿಷದಲ್ಲಿ ಬದಲಾಯಿಸಿ ಬಂದಿದ್ದೆ. ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ಹುಡುಗ ಹೊಸ ದರವನ್ನು ತಾನೇ ಹಾಕಿಕೊಂಡಿದ್ದ, ಆದರೆ ಯಾವ ತಾರೀಖಿನಿಂದ ಅನ್ನುವ ಜಾಗದಲ್ಲಿ ಏಪ್ರಿಲ್ 1 ಅಂತಲೇ ಬಿಟ್ಟಿದ್ದ. ಹಳೇ ಬಿಲ್ಲಿಗೂ ಹೊಸ ದರಕ್ಕೂ ತಾಳೆ ತಪ್ಪಿತು. ಅದನ್ನು ಸರಿ ಮಾಡಿ ಬರುವಾಗ ರಾತ್ರಿ ಹತ್ತೂವರೆ ಆಗಿತ್ತು. ಆ ಕೆಲಸಕ್ಕೆ ನಾನು ದುಡ್ಡು ಕೇಳಲಿಲ್ಲ, ಯಾಕೆಂದರೆ ತಪ್ಪಿನ ಬೇರು ನನ್ನ ಸೆಟಪ್‌ನಲ್ಲಿ ಇತ್ತು. ಅವತ್ತಿನಿಂದ ನಾನು ಪ್ರತಿ ಗ್ರಾಹಕರ ಐಟಂ ಪಟ್ಟಿಯನ್ನು ಮೊದಲು ಗ್ರೂಪ್ ಮಾಡಿ ಆಮೇಲೆ ದರ ಹಾಕುತ್ತೇನೆ.

ಮಾಡುವ ಕ್ರಮ ಹೇಳುತ್ತೇನೆ, ಬೇಕಾದದ್ದು ತೆಗೆದುಕೊಳ್ಳಿ. ಹೊಸ ಗ್ರಾಹಕರು ಬಂದರೆ ನಾನು ತಕ್ಷಣ ರೇಟ್ ಹೇಳುವುದಿಲ್ಲ. ಲೆಕ್ಕ ನೋಡುವುದಕ್ಕೆ ಅಂತ 1,500 ತೆಗೆದುಕೊಂಡು ಅರ್ಧ ದಿನ ಕೂರುತ್ತೇನೆ. ನಗದು ಖಾತೆ ಯಾವತ್ತಾದರೂ ಮೈನಸ್ ಹೋಗಿದೆಯಾ, ಸ್ಟಾಕ್ ಮೈನಸ್ ತೋರಿಸುತ್ತಿದೆಯಾ, ಗಿರಾಕಿಯ ಖಾತೆಯಲ್ಲಿ ನಾವೇ ಅವರಿಗೆ ಕೊಡಬೇಕು ಅಂತ ಬರುತ್ತಿದೆಯಾ, ಒಂದೇ ಪಾರ್ಟಿ ಮೂರು ಸ್ಪೆಲ್ಲಿಂಗ್‌ನಲ್ಲಿ ಮೂರು ಲೆಡ್ಜರ್ ಆಗಿದೆಯಾ, ಬ್ಯಾಂಕ್ ತಾಳೆ ಕೊನೆಗೆ ಯಾವಾಗ ಆಗಿದೆ. ಇಷ್ಟು ನೋಡಿದರೆ ಆ ಅಂಗಡಿಯಿಂದ ವರ್ಷಕ್ಕೆ ಎಷ್ಟು ಫೋನ್ ಬರುತ್ತದೆ ಅಂತ ಒಂದು ಅಂದಾಜು ಸಿಗುತ್ತದೆ. ಆಮೇಲೆ ರೇಟ್ ಹೇಳುತ್ತೇನೆ. ಕಸ ಜಾಸ್ತಿ ಇದ್ದರೆ ಅದನ್ನು ತೆಗೆಯುವುದಕ್ಕೆ ಬೇರೆ ದುಡ್ಡು, ವರ್ಷದ ಒಪ್ಪಂದಕ್ಕೆ ಬೇರೆ.

ಆಮೇಲೆ ಕಂಪ್ಯೂಟರ್ ಪಕ್ಕ ಒಂದು 40 ಪುಟದ ನೋಟ್‌ಬುಕ್. ಅದರಲ್ಲಿ ಆ ಅಂಗಡಿಗೆ ಬೇಕಾದ ಕೆಲಸ ಮಾತ್ರ, ಕನ್ನಡದಲ್ಲಿ, ಹುಡುಗನ ಕೈಯಿಂದಲೇ ಬರೆಸುತ್ತೇನೆ. "ಮಾಲು ವಾಪಸ್ ಬಂದರೆ ಹೀಗೆ." "ಚೆಕ್ ಬೌನ್ಸ್ ಆದರೆ ಹೀಗೆ." "ಇ-ಇನ್‌ವಾಯ್ಸ್ ತಪ್ಪಾದರೆ 24 ಗಂಟೆ ಒಳಗೆ ಕ್ಯಾನ್ಸಲ್, ಆಮೇಲೆ ಆಗಲ್ಲ, ಕ್ರೆಡಿಟ್ ನೋಟ್." ನಾನು ಬರೆದುಕೊಟ್ಟರೆ ಓದುವುದಿಲ್ಲ, ಅವನೇ ಬರೆದರೆ ಓದುತ್ತಾನೆ. ಕಲಿಯುವ ಹುಡುಗರಿಗೆ ಇನ್ನೊಂದು ಉಪಾಯ. ಟ್ಯಾಲಿಯನ್ನು ಲೈಸೆನ್ಸ್ ಇಲ್ಲದೆ ಎಜುಕೇಶನ್ ಮೋಡ್‌ನಲ್ಲಿ ಅವರ ಮನೆಯ ಲ್ಯಾಪ್‌ಟಾಪ್‌ಗೆ ಹಾಕಿಕೊಡಿ. ತಿಂಗಳಲ್ಲಿ 1, 2, 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ, ಅಭ್ಯಾಸಕ್ಕೆ ಅಷ್ಟು ಸಾಕು. ನಮ್ಮ ಹತ್ತಿರ ಒಂದು ಹೂವಿನ ವ್ಯಾಪಾರದ ಕಡೆ ಪಿಯುಸಿ ಮುಗಿಸಿದ ಹುಡುಗಿ ಹಾಗೆ ಮನೆಯಲ್ಲಿ ಕಲಿತು ಈಗ ಮೂರು ತಿಂಗಳಿಂದ ನನಗೆ ಒಂದು ಫೋನೂ ಮಾಡಿಲ್ಲ. ನನಗೆ ಅದು ದೊಡ್ಡ ಸಂತೋಷ.

ಫೋನ್ ಕಡಿಮೆ ಆದರೆ ವರ್ಷದ ದುಡ್ಡು ಕೊಡುವುದಿಲ್ಲ ಅಂತ ಹೆದರಬೇಡಿ. ಯಾರೂ ಹಾಗೆ ಮಾಡಿಲ್ಲ ನನಗೆ. ತಿಂಗಳಿಗೆ ಒಂದು ಸಲ ಕರೆಯದೇ ಇದ್ದರೂ ಹೋಗಿ ಅರ್ಧ ಗಂಟೆ ಲೆಕ್ಕ ತೆಗೆದು ನೋಡಿ ಬನ್ನಿ. ಅದನ್ನು ಅವರು ಮರೆಯುವುದಿಲ್ಲ.

ಪಾವಗಡ_ಪೇಟೆ

ನೋಟ್‌ಬುಕ್ ಹುಡುಗನ ಕೈಯಲ್ಲೇ ಬರೆಸುವುದು ತುಂಬಾ ಒಳ್ಳೆಯ ಮಾತು ಅಕ್ಕ. ನಾಳೆಯೇ ಶುರು ಮಾಡುತ್ತೇನೆ.

ಆಡಿಟ್_ಮೇಜು (ತುಮಕೂರು)

ನಾನು ಆಡಿಟರ್ ಆಫೀಸಿನ ಕಡೆಯವನು, ಆ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ನಿಮ್ಮ ಆದಾಯ ಪೂರ್ತಿ ಸೇವೆಯಿಂದ ಬರುವುದು. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ, ಹೊರ ರಾಜ್ಯದ ಗ್ರಾಹಕರು ಇದ್ದರೂ ಅದೇ ಮಿತಿ. ಆದರೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇವತ್ತೇ ಮಾಡಿಸಿ. ಅದು ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಮಧ್ಯದಲ್ಲಿ ಯಾರಿಗೂ ದುಡ್ಡು ಕೊಡಬೇಡಿ. ಆ ನಂಬರನ್ನು ನಿಮ್ಮ ಬಿಲ್ಲಿನ ಮೇಲೆ ಹಾಕಿ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಬರವಣಿಗೆಯಲ್ಲಿ ಒಪ್ಪಂದ ಇದ್ದರೆ ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ನಿಮಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. 2024ರ ಏಪ್ರಿಲ್‌ನಿಂದ ಇದು ಆದಾಯ ತೆರಿಗೆಗೂ ಗಂಟು ಬಿದ್ದಿದೆ. ಅವಧಿ ಮೀರಿ ಉಳಿಸಿಕೊಂಡ ಬಿಲ್ಲಿನ ಖರ್ಚನ್ನು ಗ್ರಾಹಕರು ನಿಜವಾಗಿ ದುಡ್ಡು ಕೊಟ್ಟ ವರ್ಷದಲ್ಲೇ ತೋರಿಸಬೇಕು. ಹಾಗಾಗಿ ಮಾರ್ಚ್‌ನಲ್ಲಿ ನಾವು ಆಡಿಟರ್‌ಗಳೇ ಅವರನ್ನು ಕೇಳುತ್ತೇವೆ, ಈ ಬಿಲ್ಲು ಯಾಕೆ ಬಾಕಿ ಅಂತ. ನೀವು ಜಗಳ ಆಡಬೇಕಾಗಿಲ್ಲ.

ರಿಟರ್ನ್ಸ್ ಹಾಕಿಕೊಡಿ ಅಂತ ಗ್ರಾಹಕರು ಕೇಳೇ ಕೇಳುತ್ತಾರೆ. ಅವರ ಪರವಾಗಿ ಆ ಕೆಲಸ ಹಿಡಿಯುವುದಾದರೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಣಿ ಮಾಡಿಸಿ, ಬಿಕಾಂ ಆಗಿದ್ದರೆ ಅರ್ಹತೆ ಇದೆ. ಅದಿಲ್ಲದೆ ಅವರ ಲಾಗಿನ್ ತೆಗೆದುಕೊಂಡು ನೀವೇ ಕೂತು ಹಾಕಬೇಡಿ. ಓಟಿಪಿ ಹೇಳಿ ಸರ್ ಅಂತ ಕೇಳುವ ಅಭ್ಯಾಸ ನಿಮಗೂ ಅವರಿಗೂ ಒಳ್ಳೆಯದಲ್ಲ.

ಕೊನೆಯದು ನಿಮ್ಮ ವಸಂತನರಸಾಪುರದ ಪ್ರೈವೇಟ್ ಲಿಮಿಟೆಡ್ ಬಗ್ಗೆ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಕಡ್ಡಾಯ. ಒಂದು ವೋಚರ್ (ಎಂಟ್ರಿ) ತಿದ್ದಿದರೆ ಯಾವಾಗ ತಿದ್ದಿದ್ದು, ಏನು ತಿದ್ದಿದ್ದು ಅಂತ ಉಳಿಯಲೇಬೇಕು, ಅದನ್ನು ಆರಿಸಲು ಆಗಬಾರದು. ನೀವು ಅಲ್ಲಿ ಯಜಮಾನರ ಅಡ್ಮಿನ್ ಹೆಸರಲ್ಲಿ ಲಾಗಿನ್ ಆಗಿ ತಿದ್ದುತ್ತಿದ್ದರೆ ಅದೆಲ್ಲ ಅವರೇ ತಿದ್ದಿದ ಹಾಗೆ ದಾಖಲಾಗುತ್ತದೆ. ನಿಮಗೆ ಅಂತ ಬೇರೆ ಯೂಸರ್ ಮಾಡಿಸಿಕೊಳ್ಳಿ. ನಾಳೆ ಪ್ರಶ್ನೆ ಬಂದಾಗ ನೀವು ಮಾಡಿದ್ದು ಯಾವುದು, ಬೇರೆಯವರು ಮಾಡಿದ್ದು ಯಾವುದು ಅಂತ ತೋರಿಸಲು ನಿಮಗೆ ಅದೊಂದೇ ಸಾಕ್ಷಿ.

ಮಂಡಿಪೇಟೆ_ಲೆಕ್ಕ (ತುಮಕೂರು)

ಎಲ್ಲರಿಗೂ ತುಂಬಾ ಧನ್ಯವಾದ. ಚಿಂತಾಮಣಿ ಅಕ್ಕ, ನೀವು ಹೇಳಿದ ಮೇಲೆ ನಿನ್ನೆ ರಾತ್ರಿ ಕೂತು ನೆನಪಿದ್ದಷ್ಟು ಫೋನ್‌ಗಳನ್ನು ಬರೆದು ನೋಡಿದೆ. ಮಂಡಿಪೇಟೆಯ ಒಂದೇ ಅಂಗಡಿಯಿಂದ ಇಪ್ಪತ್ತಕ್ಕೂ ಹೆಚ್ಚು ಫೋನ್, ಎಲ್ಲ ಒಂದೇ ವಿಷಯ. ಚೀಲ ಮತ್ತು ಕೆಜಿ ಲೆಕ್ಕ ತಪ್ಪುವುದು. ಅವರು 50 ಕೆಜಿ ಚೀಲವನ್ನೂ ಮಾರುತ್ತಾರೆ, 25 ಕೆಜಿ ಚೀಲವನ್ನೂ ಮಾರುತ್ತಾರೆ. ನಾನು ಎರಡನ್ನೂ ಒಂದೇ ಐಟಂ ಮಾಡಿ ಒಂದು ಚೀಲಕ್ಕೆ 50 ಕೆಜಿ ಅಂತ ಕಟ್ಟಿಬಿಟ್ಟಿದ್ದೆ. ಹುಡುಗ ಪ್ರತಿ ಸಲ ಕೈಯಲ್ಲಿ ತಿದ್ದಬೇಕಿತ್ತು. ತಪ್ಪು ನನ್ನದೇ. ಭಾನುವಾರ ಹೋಗಿ ಎರಡು ಐಟಂ ಮಾಡಿ ಬರುತ್ತೇನೆ, ದುಡ್ಡು ಕೇಳುವುದಿಲ್ಲ.

ಇನ್ನೆರಡು ಪ್ರಶ್ನೆ. ಸೋದರಮಾವನ ಅಂಗಡಿಗೆ ಏನು ಮಾಡಲಿ? ಎರಡನೆಯದು, ಒಬ್ಬ ಪರಿಚಯದವರು ಹೇಳಿದರು, ಗ್ರಾಹಕರ ಡೇಟಾದ ಪಾಸ್‌ವರ್ಡ್ ನಿನ್ನ ಹತ್ತಿರವೇ ಇಟ್ಕೋ, ಆಗ ಅವರು ದುಡ್ಡು ಕೊಡದೆ ಎಲ್ಲಿಗೂ ಹೋಗಲ್ಲ ಅಂತ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೂ ಕೇಳುತ್ತಿದ್ದೇನೆ.

ಕಲ್ಪತರು_ನಾಡು (ತಿಪಟೂರು)

ಪಾಸ್‌ವರ್ಡ್ ವಿಷಯ ಓದಿ ಬರೆಯದೆ ಇರಲು ಆಗಲಿಲ್ಲ. ತಮ್ಮ, ಆ ಮಾತು ಕೇಳಬೇಡ.

ನಾನು ಇಪ್ಪತ್ತು ವರ್ಷ ಈ ಕೆಲಸ ಮಾಡಿದವನು. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಬ್ಬ ವ್ಯಾಪಾರಿ ನನ್ನನ್ನು ಕರೆಸಿದರು. ಅವರ ಟ್ಯಾಲಿ ತೆರೆದರೆ ಕಂಪನಿ ಹೆಸರು ಇರಬೇಕಾದ ಜಾಗದಲ್ಲಿ ಬರೀ ನಕ್ಷತ್ರದ ಗುರುತು. ಡೇಟಾಗೆ ಪಾಸ್‌ವರ್ಡ್ ಬೀಗ ಹಾಕುವ ಟ್ಯಾಲಿ ವಾಲ್ಟ್ ಹಾಕಿದ್ದರು. ಹಾಕಿದ್ದು ಅವರಲ್ಲ, ಮುಂಚೆ ಕೆಲಸ ನೋಡುತ್ತಿದ್ದವನು. ಅವನಿಗೂ ಇವರಿಗೂ ಬಾಕಿ ಮೂರು ಸಾವಿರದ ಜಗಳ. ಅವನು ಊರು ಬಿಟ್ಟು ಹೋಗಿದ್ದ, ಫೋನ್ ಸಿಗಲಿಲ್ಲ. ವಾಲ್ಟ್ ಪಾಸ್‌ವರ್ಡ್ ಮರೆತರೆ, ಕಳೆದರೆ, ಟ್ಯಾಲಿ ಕಂಪನಿಯವರನ್ನು ಕೇಳಿದರೂ ವಾಪಸ್ ತೆಗೆದುಕೊಡಲು ಆಗುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. ಬ್ಯಾಕಪ್ ಇತ್ತು, ಆದರೆ ಬ್ಯಾಕಪ್‌ಗೂ ಅದೇ ಬೀಗ. ಆ ಯಜಮಾನರು ಹಳೇ ಬಿಲ್ಲಿನ ಕಟ್ಟುಗಳನ್ನು ಅಟ್ಟದ ಮೇಲಿಂದ ಇಳಿಸಿ, ಧೂಳು ಒರೆಸಿ, ಒಂದೊಂದೇ ನನ್ನ ಮುಂದೆ ಇಟ್ಟರು. ಅವರ ಮಗಳು ಓದಿ ಹೇಳುತ್ತಿದ್ದಳು, ನಾನು ಎಂಟ್ರಿ ಹಾಕುತ್ತಿದ್ದೆ. ಎರಡು ವರ್ಷದ ಲೆಕ್ಕ ಮತ್ತೆ ಕಟ್ಟಲು 23 ದಿನ ಆಯಿತು. ರೈತರಿಗೆ ಕೊಡಬೇಕಾದ ಬಾಕಿ ಎಷ್ಟು ಅಂತ ಗೊತ್ತಿಲ್ಲದೆ ಅವರು ಅಷ್ಟು ದಿನ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಲೆಕ್ಕ ಅವರದು. ನಮ್ಮದು ಕೈಕೆಲಸ ಮಾತ್ರ. ನಾನು ಪಾಸ್‌ವರ್ಡ್‌ಗಳನ್ನು ಒಂದು ಕಾಗದದಲ್ಲಿ ಬರೆದು ಕವರ್‌ನಲ್ಲಿ ಹಾಕಿ ಅಂಟಿಸಿ, ಅಂಟಿನ ಮೇಲೆ ಯಜಮಾನರ ಸಹಿ ಹಾಕಿಸಿ ಅವರ ಕೈಗೇ ಕೊಡುತ್ತೇನೆ. ಲಕ್ಷ್ಮಿ ಫೋಟೋ ಹಿಂದೆಯೋ ಬೀರುವಿನಲ್ಲೋ ಇಟ್ಟುಕೊಳ್ಳುತ್ತಾರೆ. ಬ್ಯಾಕಪ್ ಎರಡು ಪೆನ್ ಡ್ರೈವ್‌ನಲ್ಲಿ, ಒಂದು ಅಂಗಡಿಯಲ್ಲಿ, ಒಂದು ಅವರ ಮನೆಯಲ್ಲಿ. ತಿಂಗಳಿಗೆ ಒಮ್ಮೆ ಆ ಬ್ಯಾಕಪ್ ನಿಜವಾಗಲೂ ತೆರೆಯುತ್ತದಾ ಅಂತ ಬೇರೆ ಫೋಲ್ಡರ್‌ಗೆ ರಿಸ್ಟೋರ್ ಮಾಡಿ ಅವರ ಕಣ್ಣೆದುರೇ ತೋರಿಸುತ್ತೇನೆ. ಇಷ್ಟು ಮಾಡಿದ ಮೇಲೆ ಯಾರೂ ನನ್ನ ದುಡ್ಡು ಇಟ್ಟುಕೊಂಡಿಲ್ಲ. ತಡ ಮಾಡಿದ್ದಾರೆ, ಇಟ್ಟುಕೊಂಡಿಲ್ಲ.

ಮಾವನ ಅಂಗಡಿಗೆ ದುಡ್ಡು ಕೇಳಬೇಡ, ಬಿಲ್ಲು ಮಾತ್ರ ಕೊಡು. ಪೂರ್ತಿ ಮೊತ್ತ ಬರೆದು, ಕೆಳಗೆ ಅಷ್ಟೇ ರಿಯಾಯಿತಿ ಬರೆದು ಸೊನ್ನೆ ಮಾಡಿ ಕೊಡು. ಏನು ಕೆಲಸ ಆಯಿತು ಅಂತ ಅವರಿಗೂ ಗೊತ್ತಿರಲಿ. ನಾನು ನಮ್ಮ ಚಿಕ್ಕಪ್ಪನಿಗೆ ಹಾಗೇ ಕೊಡುತ್ತಾ ಬಂದಿದ್ದೇನೆ. ಎರಡನೇ ವರ್ಷ ಅವರೇ ಅರ್ಧ ಕೊಟ್ಟರು, ಬೇಡ ಅಂದರೂ ಜೇಬಿಗೆ ತುರುಕಿದರು.

ಕ್ರೇಟ್_ಲೆಕ್ಕ (ಕೋಲಾರ)

ತಿಪಟೂರು ಅಣ್ಣ, ಕವರಿನ ಮೇಲೆ ಯಜಮಾನರ ಸಹಿ ಹಾಕಿಸುವುದು ನನಗೆ ಹೊಳೆದಿರಲಿಲ್ಲ. ನಾನು ಫೋನ್‌ನಲ್ಲಿ ಕಳಿಸಿಬಿಡುತ್ತಿದ್ದೆ, ಅದನ್ನು ಗುಮಾಸ್ತನೂ ನೋಡುತ್ತಾನೆ. ಬದಲಾಯಿಸುತ್ತೇನೆ.

ಮಂಡಿಪೇಟೆ_ಲೆಕ್ಕ (ತುಮಕೂರು)

ಎರಡು ವಾರ ಆಯಿತು, ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಒಂದೇ ಹಾಳೆಯಲ್ಲಿ ಒಪ್ಪಂದ ಬರೆದೆ, ಕನ್ನಡದಲ್ಲಿ. ವರ್ಷಕ್ಕೆ 12,000, ಎರಡು ಕಂತು. ತಿಂಗಳಿಗೆ ಒಂದು ಸಲ ನಾನೇ ಬರುತ್ತೇನೆ. ಫೋನ್ ಹತ್ತರಿಂದ ಏಳು, ಲಾರಿ ನಿಂತಿದ್ದರೆ ಯಾವ ಹೊತ್ತಾದರೂ. ಹಳೇ ಲೆಕ್ಕದ ಕಸ ತೆಗೆಯುವುದು, ಹೊಸ ರಿಪೋರ್ಟ್ ಬರೆಸುವುದು ಇದರಲ್ಲಿ ಸೇರಿಲ್ಲ. ಪಾಸ್‌ವರ್ಡ್ ಕವರ್ ಯಜಮಾನರ ಹತ್ತಿರ. ಕೆಳಗೆ ನನ್ನ ಸಹಿ, ಅವರ ಸಹಿ.

ಮೊದಲು ಹೋಗಿದ್ದು ತಿಪಟೂರಿಗೇ. ಫೋನ್ ಹಿಸ್ಟರಿ ನೋಡಿಕೊಂಡು ಎರಡು ತಿಂಗಳ ಫೋನ್‌ಗಳನ್ನು ಬರೆದುಕೊಂಡು ಹೋಗಿದ್ದೆ, 31 ಸಾಲು. ಯಜಮಾನರು ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗುಮಾಸ್ತನನ್ನು ಕರೆದರು, ನನಗೆ ಭಯ ಆಯಿತು, ಬೈಯುತ್ತಾರೇನೋ ಅಂತ. ಬೈಯಲಿಲ್ಲ. "ಇವರ ಹತ್ರ ಸರಿಯಾಗಿ ಕಲ್ತ್ಕೋ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಹನ್ನೆರಡು ಜಾಸ್ತಿ ಆಯ್ತು, ಹತ್ತು ಮಾಡಿ ಅಂದರು. ಹತ್ತಕ್ಕೆ ಒಪ್ಪಿದೆ, ಐದು ಅಲ್ಲೇ ಕೊಟ್ಟರು. ಹುಡುಗನ ಕೈಯಲ್ಲಿ ನೋಟ್‌ಬುಕ್ ಬರೆಸಲು ಶುರು ಮಾಡಿದ್ದೇವೆ. ಮೊದಲ ಪುಟದಲ್ಲಿ ಅವನೇ ಬರೆದ ಸಾಲು, "ಮಾಲು ಇಳಿಯುವ ಊರು ಬೇರೆ ಇದ್ದರೆ ಪಿನ್ ಕೋಡ್ ಜೊತೆ ರಾಜ್ಯ ಸಹ ನೋಡಬೇಕು."

ಮಂಡಿಪೇಟೆಯ ಚೀಲದ ಲೆಕ್ಕ ಸರಿ ಮಾಡಿದೆ. ಹನ್ನೊಂದು ದಿನದಿಂದ ಅಲ್ಲಿಂದ ಒಂದು ಫೋನ್ ಮಾತ್ರ, ಅದೂ ಮಗಳ ನಾಮಕರಣಕ್ಕೆ ಕರೆಯಲು. ಒಬ್ಬರು ಒಪ್ಪಂದ ಬೇಡ, ಬಂದಾಗ ಬಂದಷ್ಟಕ್ಕೆ ಕೊಡುತ್ತೇನೆ ಅಂದರು, ಅದಕ್ಕೂ ಸರಿ ಅಂದಿದ್ದೇನೆ. ಮಾವನಿಗೆ ಸೊನ್ನೆ ಬಿಲ್ಲು ಕೊಟ್ಟಾಯಿತು, ಇನ್ನೂ ಏನೂ ಅಂದಿಲ್ಲ.

ನಾಳೆ ಗುಬ್ಬಿ. ಅಡಿಕೆ ವ್ಯಾಪಾರಿಗೆ ಹಾಳೆಯ ಎರಡು ಪ್ರತಿ ಜೆರಾಕ್ಸ್ ಮಾಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.